ಹಿಟ್ಟಿನ ಕೋಲು ಎರಡೂವರೆ ಅಡಿ ಇರ್ಲಿ

ಎಡಿಸನ್, ನ್ಯೂಜೆರ್ಸಿ
ಮಾರ್ಚ್ 4, ಬುಧವಾರ ರಾತ್ರಿ

ಪ್ರೀತಿಯ ಅಕ್ಕ,

ಹೆಂಗಿದ್ದೀಯ, ಭಾವ ಹೆಂಗವ್ರೆ, ಕಬ್ಬು ಕಟಾವು ಮುಗೀತಾ. ಅವ್ವಂಗೂ ಅಪ್ಪಾಜಿಗೂ ನನ್ನ ನಮಸ್ಕಾರ ಹೇಳು, ಬಗ್ಗಿ ಕಾಲು ಮುಟ್ಟೋಕೆ ನಂಗಿನ್ನೂ ಪರ್ಮಿಷನ್ ಇಲ್ಲ ಆದ್ರೆ ಬೆಳಿಗ್ಗೆ ದೀಪ ಹಚ್ಚುವಾಗ ಇಬ್ಬರನ್ನೂ ನೆನೆಸ್ಕೊಂಡೇ ಹಚ್ತೀನಿ. ದಿನಾ ಫೋನ್ ಮಾಡ್ತೀವಲ್ಲ ಮತ್ತೆ ಇದೇನು ಇಷ್ಟುದ್ದ ಪತ್ರ ಅಂತ ಕೇಳ್ಬೇಡ, ಫೋನಲ್ಲಿ ಅವ್ವ ನನ್ನ ಮಾತು ಪೂರ್ತಿ ಕೇಳೋದೇ ಇಲ್ಲ, ವಿಡಿಯೋದಲ್ಲಿ ನಾನು ನಿಂತಿರೋದು ಕಂಡ್ರೆ ಸಾಕು "ಯಾಕವ್ವ ಎದ್ದೆ, ಮನೀಕೋ ಹೋಗು, ಸೊಂಟ ಕುಯ್ಸ್ಕೊಂಡೋಳು ಹಿಂಗೆ ಓಡಾಡ್ತಾರಾ" ಅಂತ ಶುರು ಮಾಡಿ ಅಳ್ತಾಳೆ, ಅವಳು ಅತ್ರೆ ನಂಗೂ ಮಾತು ಬರಲ್ಲ, ಆಮೇಲೆ ಫೋನ್ ಇಟ್ಬಿಡ್ತೀವಿ. ಅದಕ್ಕೇ ಬರೀತಿದ್ದೀನಿ. ಭಾನುವಾರ ಊರಿಗೆ ಹೋದಾಗ ಜಗಲಿ ಮೇಲೆ ಕೂತ್ಕೊಂಡು ನಿಧಾನಕ್ಕೆ ಓದಿ ಹೇಳು, ಒಂದೇ ಸಲಕ್ಕೆ ಬೇಡ, ಎರಡು ಸಲ ಆದ್ರೂ ಪರ್ವಾಗಿಲ್ಲ.

ಇವತ್ತಿಗೆ ಸರಿಯಾಗಿ 16 ವಾರ ಆಯ್ತು ಅಕ್ಕ. ನವೆಂಬರ್ 12ನೇ ತಾರೀಕು ಆಪರೇಷನ್ ಆಗಿದ್ದು. ಅವ್ವನ ಮನಸಲ್ಲಿ ಇರೋದು ಏನಂದ್ರೆ ಬೆನ್ನಿಗೆ ಸ್ಕ್ರೂ ಹಾಕವ್ರೆ, ಓಡಾಡಿದ್ರೆ ಸ್ಕ್ರೂ ಲೂಸ್ ಆಗತ್ತೆ, ಅದಕ್ಕೆ ಆರು ತಿಂಗ್ಳು ಬಾಣಂತಿ ಥರ ಮಂಚ ಬಿಟ್ಟು ಇಳೀಬಾರ್ದು ಅಂತ. ಅವಳದು ತಪ್ಪಲ್ಲ, ಯಾರಿಗಾದ್ರೂ ಹಂಗೇ ಅನ್ಸೋದು, ನಂಗೂ ಮೊದ್ಲು ಹಂಗೇ ಅನ್ಸಿತ್ತು. ಸೊಂಟದಲ್ಲಿ ಐದು ಮೂಳೆ ಇರ್ತವೆ ಒಂದ್ರ ಮೇಲೊಂದು, ನನ್ನದು ನಾಲ್ಕನೇದು ಐದನೇದ್ರ ಮೇಲಿಂದ ಮುಂದಕ್ಕೆ ಜಾರಿತ್ತು, ಡಾಕ್ಟ್ರು ಅದಕ್ಕೆ ಸ್ಪಾಂಡಿಲೋಲಿಸ್ಥೆಸಿಸ್ ಅಂತಾರೆ, ಐವತ್ತು ದಾಟಿದ ಹೆಂಗಸರಿಗೆ ಜಾಸ್ತಿ ಬರೋದಂತೆ. ಜಾರಿದ್ದಕ್ಕೆ ಕಾಲಿಗೆ ಹೋಗೋ ನರ ಅಲ್ಲಿ ಸಿಕ್ಕಾಕೊಂಡಿತ್ತು. ಡಾಕ್ಟ್ರು ಆ ನರದ ಮೇಲೆ ಒತ್ತುತ್ತಿದ್ದ ಮೂಳೆ ತೆಗೆದು, ಎರಡು ಮೂಳೆ ಮಧ್ಯ ಮೆತ್ತೆ ಥರ ಇರೋ ಡಿಸ್ಕು ಸವೆದೋಗಿತ್ತು ಅದನ್ನ ಕ್ಲೀನ್ ಮಾಡಿ, ಆ ಜಾಗಕ್ಕೆ ಒಂದು ಚಿಕ್ಕ ಗೂಡು ಥರದ್ದು ಇಟ್ಟು, ತೆಗೆದ ನನ್ನ ಮೂಳೇನೇ ಪುಡಿ ಮಾಡಿ ಅಲ್ಲಿ ತುಂಬಿ, ಮೇಲಿನ ಮೂಳೆಗೆರಡು ಕೆಳಗಿನ ಮೂಳೆಗೆರಡು ಅಂತ ನಾಲ್ಕು ಟೈಟಾನಿಯಂ ಸ್ಕ್ರೂ, ಎರಡು ರಾಡು ಹಾಕವ್ರೆ. ಅಪ್ಪಾಜಿಗೆ ಹಿಂಗೆ ಹೇಳು, ಅವ್ರಿಗೆ ಬೇಗ ಅರ್ಥ ಆಗತ್ತೆ: ಹೊಸ ಮನೆಗೆ ಮೋಲ್ಡ್ ಹಾಕ್ಸಿದಾಗ ಕೆಳಗೆ ಸೆಂಟ್ರಿಂಗ್ ನಿಲ್ಸಿದ್ರಲ್ಲ, ಈ ಸ್ಕ್ರೂ ರಾಡು ಎಲ್ಲಾ ಆ ಸೆಂಟ್ರಿಂಗ್ ಥರ. ನಿಜವಾಗ್ಲೂ ಭಾರ ಹೊರ್ಬೇಕಾಗಿರೋದು ಒಳಗೆ ಬೆಳೀತಿರೋ ಮೂಳೆ, ಅದು ಎರಡೂ ಕಡೆ ಕಚ್ಕೊಂಡು ಒಂದೇ ಮೂಳೆ ಆಗೋಕೆ ಆರು ತಿಂಗ್ಳು, ಕೆಲವ್ರಿಗೆ ಒಂದು ವರ್ಷ ಬೇಕು. ಸೆಂಟ್ರಿಂಗನ್ನ ಆಮೇಲೆ ಬಿಚ್ತಾರೆ, ನನ್ನದು ಮಾತ್ರ ಒಳಗೇ ಇರತ್ತೆ, ಅಷ್ಟೇ ವ್ಯತ್ಯಾಸ. ಅವ್ವಂಗೆ ಬೇಕಾದ್ರೆ ನಾಟಿ ಹಾಕಿದ ಪೈರು ಅಂತ ಹೇಳು. ನಾಟಿ ಹಾಕಿದ ಮೇಲೆ ಒಂದು ವಾರ ಪೈರು ಹಳದಿಗೆ ತಿರುಗಿ ಸತ್ತೇ ಹೋಯ್ತೇನೋ ಅನ್ನೋ ಥರ ಇರತ್ತೆ, ಅವಾಗ ಬೇರು ಹಿಡೀತಾ ನೋಡಣ ಅಂತ ಯಾರೂ ಕಿತ್ತು ನೋಡಲ್ಲ, ಹಂಗಂತ ನೀರು ನಿಲ್ಸೋದೂ ಇಲ್ಲ. ನಂಗೆ ನಡಿಗೆ ಅನ್ನೋದು ಆ ನೀರು.

ಆಪರೇಷನ್ ಯಾಕೆ ಮಾಡ್ಸ್ಕೊಂಡೆ ಅಂತ ನೀನು ಒಂದು ಸಲ ಕೋಪ ಮಾಡ್ಕೊಂಡು ಕೇಳಿದ್ದೆ, ನಾನು ಅವತ್ತು ಸರಿಯಾಗಿ ಹೇಳ್ಲಿಲ್ಲ. ಎರಡು ವರ್ಷ ಎಲ್ಲಾ ಮಾಡಿ ನೋಡ್ದೆ ಅಕ್ಕ, ಎಕ್ಸರ್ಸೈಜು, ಮಾತ್ರೆ, ಬೆನ್ನಿಗೆ ಇಂಜೆಕ್ಷನ್ನು. ಕೊನೆಕೊನೆಗೆ ಹತ್ತು ನಿಮಿಷ ನಡೆದ್ರೆ ಎಡಗಾಲು ಸೀಸ ಸುರಿದಂಗೆ ಭಾರ ಆಗೋದು, ಅಂಗಡಿಗೆ ಹೋದ್ರೆ ತಳ್ಳೋ ಗಾಡಿ ಮೇಲೆ ಬಗ್ಗಿ ಒರಗಿದ್ರೆ ಮಾತ್ರ ಆರಾಮ, ನೆಟ್ಟಗೆ ನಿಂತ್ರೆ ಮತ್ತೆ ಶುರು. ಬಗ್ಗಿದಾಗ ನರಕ್ಕೆ ಜಾಗ ಜಾಸ್ತಿ ಸಿಗತ್ತಂತೆ ಅದಕ್ಕೆ. ನಮ್ಮ ಅಜ್ಜಿ ಕೊನೇ ವರ್ಷಗಳಲ್ಲಿ ಯಾವಾಗ್ಲೂ ಕೋಲೂರಿ ಬಗ್ಗೇ ನಡೀತಿದ್ಲಲ್ಲ, ವಯಸ್ಸಾಯ್ತು ಅಂದ್ಕೊಂಡಿದ್ವಿ, ಅವಳಿಗೂ ಇದೇ ಇತ್ತೇನೋ ಅಂತ ಈಗ ಅನ್ಸಿ ಹೊಟ್ಟೆ ಉರಿಯತ್ತೆ. ಆಮೇಲೆ ಎಡಗಾಲಿನ ಹೆಬ್ಬೆರಳು ಮೇಲೆತ್ತೋಕೆ ಶಕ್ತಿ ಕಮ್ಮಿ ಆಯ್ತು, ಚಪ್ಪಲಿ ಗೊತ್ತಿಲ್ದಂಗೆ ಜಾರೋದು, ಅವಾಗ ಡಾಕ್ಟ್ರು ಇನ್ನು ಕಾಯೋದು ಬೇಡ ಅಂದ್ರು. ನಿನ್ನ ಎಂಆರ್‌ಐ ರಿಪೋರ್ಟು ಕಳಿಸಿ ನಾನೂ ಮಾಡ್ಸ್ಕೊಳ್ಳಾ ಅಂತ ಕೇಳಿದೀಯಲ್ಲ, ನಾನು ಡಾಕ್ಟ್ರಲ್ಲ, ಆದ್ರೆ ಇಷ್ಟು ಹೇಳ್ತೀನಿ, ನಿಂಗೆ ಸೊಂಟ ನೋವು, ನಂಗೆ ಕಾಲಲ್ಲಿ ಶಕ್ತಿನೇ ಹೋಗ್ತಿತ್ತು, ಎರಡೂ ಬೇರೆ. ರಿಪೋರ್ಟಲ್ಲಿ ಡಿಸ್ಕು ಉಬ್ಬಿದೆ ಅಂತ ಬರೆದಿದ್ದ ಮಾತ್ರಕ್ಕೆ ಕುಯ್ಸ್ಕೊಳ್ಳೋ ಅಗತ್ಯ ಇಲ್ಲ, ನೋವೇ ಇಲ್ದೋರ ಸ್ಕ್ಯಾನಲ್ಲೂ ಹಂಗೆ ಕಾಣತ್ತೆ. ಮೈಸೂರಿಗೆ ಹೋಗಿ ಬೆನ್ನಿನ ಡಾಕ್ಟ್ರಿಗೇ ತೋರ್ಸು, ಕಾಲು ಎತ್ತಿ, ಬೆರಳು ಎತ್ತಿ ಪರೀಕ್ಷೆ ಮಾಡ್ಲಿ. ಬೆನ್ನು ತುಳಿಯೋರ ಹತ್ರ, ಲಟಿಕೆ ಮುರಿಯೋರ ಹತ್ರ ಮಾತ್ರ ಹೋಗ್ಬೇಡ, ನನ್ನ ಮೇಲಾಣೆ.

ಆಪರೇಷನ್ ಆದ ಮಾರನೇ ದಿನ ಬೆಳಿಗ್ಗೆ ಎಂಟು ಗಂಟೆಗೇ ಫಿಸಿಯೋದವಳು ಬಂದು ಏಳಿ ಅಂದ್ಲು. ನಾನು ಬೆದರಿಹೋದೆ. ಇವ್ರ ಮುಖ ನೋಡ್ದೆ, ಇವ್ರೂ ಬಿಳಚ್ಕೊಂಡಿದ್ರು. ಆ ಹುಡುಗಿ ಏಳೋದು ಹೆಂಗೆ ಅಂತ ಹೇಳ್ಕೊಟ್ಳು, ಅದು ಇವತ್ತಿಗೂ ದಿನಾ ಮಾಡ್ತಿದ್ದೀನಿ: ಅಂಗಾತ ಮಲಗಿದ್ದೋಳು ಮೊಣಕಾಲು ಮಡಿಸಿ, ಭುಜ ಸೊಂಟ ಮಂಡಿ ಮೂರೂ ಒಟ್ಟಿಗೆ ಮರದ ದಿಮ್ಮಿ ಉರುಳೋ ಥರ ಪಕ್ಕಕ್ಕೆ ಹೊರಳಿ, ಕಾಲು ಮಂಚದಿಂದ ಕೆಳಗೆ ಬಿಡ್ತಾ ಕೈಯಲ್ಲಿ ಒತ್ತಿ ಎದ್ದೇಳೋದು. ವಾಕರ್ ಹಿಡ್ಕೊಂಡು ಬಾಗಿಲ ತನಕ ಹೋಗಿ ಬಂದೆ, ಹತ್ತು ಹನ್ನೆರಡು ಹೆಜ್ಜೆ ಇರ್ಬೋದು, ಬೆವರು ಕಿತ್ಕೊಂಡು ಬಂತು. ಕುಯ್ದ ಕಡೆ ಉರಿ ಹೇಳೋಕಾಗಲ್ಲ. ಆದ್ರೆ ಅಕ್ಕ, ಎಡಗಾಲಲ್ಲಿ ಎರಡು ವರ್ಷದಿಂದ ಇದ್ದ ಆ ಎಳೆತ ಇರ್ಲಿಲ್ಲ. ನಿಂತ್ಕೊಂಡು ಕಾಯ್ದೆ, ಈಗ ಬರತ್ತೆ ಈಗ ಬರತ್ತೆ ಅಂತ, ಬರ್ಲೇ ಇಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ.

ಮೂರು ರಾತ್ರಿ ಇಟ್ಕೊಂಡು ಮನೆಗೆ ಕಳಿಸಿದ್ರು. ಕೈಗೆ ಒಂದು ಪೇಪರ್ ಕೊಟ್ರು, ಅದರಲ್ಲಿ ದೊಡ್ಡದಾಗಿ ಮೂರು ವಿಷಯ, ಬಗ್ಗಬಾರ್ದು, ಎತ್ತಬಾರ್ದು, ಸೊಂಟ ತಿರುಚಬಾರ್ದು. ಎತ್ತೋದು ಅಂದ್ರೆ ನಾಲ್ಕು ಕೇಜಿ ಮೇಲೆ ಬೇಡ, ಇಲ್ಲಿ ಹಾಲಿನ ದೊಡ್ಡ ಕ್ಯಾನು ಬರತ್ತೆ, ಅದೇ ಲೆಕ್ಕ. ಓದೋಕೆ ಮೂರೇ ಮಾತು, ಮನೆಗೆ ಬಂದ್ಮೇಲೆ ಗೊತ್ತಾಯ್ತು ಬೆಳಿಗ್ಗೆಯಿಂದ ರಾತ್ರಿ ತನಕ ಹೆಂಗಸು ಮಾಡೋ ಕೆಲ್ಸದಲ್ಲಿ ಈ ಮೂರು ಇಲ್ದೇ ಇರೋದು ಯಾವುದೂ ಇಲ್ಲ ಅಂತ. ಹಲ್ಲುಜ್ಜಿ ಉಗುಳೋಕೆ ಬಗ್ಗಬೇಕು, ಅದಕ್ಕೆ ಲೋಟಕ್ಕೆ ಉಗುಳ್ತಿದ್ದೆ. ಕಾಲುಚೀಲ ಹಾಕ್ಕೊಳ್ಳೋಕೆ ಹಗ್ಗ ಕಟ್ಟಿರೋ ಒಂದು ಪ್ಲಾಸ್ಟಿಕ್ ದೋಣಿ ಥರದ್ದು ಕೊಟ್ಟಿದ್ರು, ಕೆಳಗೆ ಬಿದ್ದಿದ್ದು ಎತ್ಕೊಳ್ಳೋಕೆ ಉದ್ದನೇ ಇಕ್ಕಳ, ಕಮೋಡ್ ಮೇಲೆ ಎತ್ತರದ ಸೀಟು. ಸ್ನಾನ ಮಾಡೋಕೆ ಶವರಲ್ಲಿ ಕುರ್ಚಿ ಹಾಕಿದ್ರು, ಕಾಲು ಮಗಳೇ ತೊಳೆದಿದ್ದು, ಕಾಲೇಜಿಂದ ಒಂದು ವಾರ ರಜ ಹಾಕಿ ಬಂದಿದ್ಲು ಪಾಪ. ಅವಳು ನನ್ನ ಪಾದಕ್ಕೆ ಸೋಪು ಹಚ್ಚುವಾಗ ನಂಗೆ ಅವ್ವ ನಮ್ಮಿಬ್ಬರನ್ನೂ ತೊಟ್ಟಿ ಹತ್ರ ನಿಲ್ಸಿ ತಿಕ್ತಿದ್ದಿದ್ದು ನೆನಪಾಯ್ತು.

ನೋವಿನ ಮಾತ್ರೆ ಜೋರಿತ್ತು, ಅದು ತಗೊಂಡ್ರೆ ಮಲಬದ್ಧತೆ ಆಗೇ ಆಗತ್ತೆ ಅಂತ ಮೊದ್ಲೇ ಹೇಳಿದ್ರು, ನಾನು ಅಷ್ಟು ಲೆಕ್ಕಕ್ಕೆ ಇಟ್ಕೊಳ್ಳಲಿಲ್ಲ, ಐದು ದಿನ ಒದ್ದಾಡ್ದೆ. ಇದನ್ನ ಯಾರೂ ಬಾಯಿಬಿಟ್ಟು ಹೇಳ್ಕೊಳಲ್ಲ, ಆದ್ರೆ ಬೆನ್ನಿಗಿಂತ ಹೆಚ್ಚು ನನ್ನನ್ನ ಅಳಿಸಿದ್ದು ಅದು, ಮುಕ್ಕೋಕೂ ಆಗಲ್ಲ ಹೊಲಿಗೆ ಎಳೆಯತ್ತೆ. ಮೊದಲ ದಿನದಿಂದ್ಲೇ ಸಡಿಲ ಮಾಡೋ ಮಾತ್ರೆ, ನೀರು, ಒಣದ್ರಾಕ್ಷಿ ತಗೊಂಡಿದ್ರೆ ಸರಿಹೋಗ್ತಿತ್ತು. ಮೂರನೇ ವಾರದ ಕೊನೆಗೆ ಆ ಜೋರಿನ ಮಾತ್ರೆ ಪೂರ್ತಿ ಬಿಟ್ಟೆ, ಆಮೇಲೆ ಬರೀ ನಿಮ್ಮ ಡೋಲೋ ಥರದ್ದು, ಅದೂ ಲೆಕ್ಕ ಬರೆದಿಟ್ಕೊಂಡು.

ನಡೆಯೋದು ಮೊದಲ ವಾರ ಐದೈದು ನಿಮಿಷ ದಿನಕ್ಕೆ ಐದಾರು ಸಲ, ಹಾಲಿಂದ ಅಡುಗೆಮನೆಗೆ ಅಡುಗೆಮನೆಯಿಂದ ಹಾಲಿಗೆ. ವಾರ ವಾರ ಒಂದೆರಡು ನಿಮಿಷ ಜಾಸ್ತಿ. ಡಿಸೆಂಬರಲ್ಲಿ ಹೊರಗೆ ಐಸ್ ಬಿದ್ದು ರಸ್ತೆ ಗಾಜಾಗಿತ್ತು, ಜಾರಿದ್ರೆ ಮುಗೀತು, ಅದಕ್ಕೆ ಇವ್ರು ದಿನಾ ಬೆಳಿಗ್ಗೆ ಮೆನ್ಲೋ ಪಾರ್ಕ್ ಮಾಲಿಗೆ ಕರ್ಕೊಂಡು ಹೋಗ್ತಿದ್ರು, ಒಳಗೆ ಬೆಚ್ಚಗಿರತ್ತೆ, ನೆಲ ಸಮ, ಸುಸ್ತಾದ್ರೆ ಕೂರೋಕೆ ಬೆಂಚು. ಅಲ್ಲಿ ನನ್ನಂಗೇ ನಡೆಯೋಕೆ ಬರೋ ವಯಸ್ಸಾದೋರು ಸುಮಾರು ಜನ, ಒಬ್ಬ ಅಜ್ಜ ಮಂಡಿ ಆಪರೇಷನ್ ಮಾಡ್ಸ್ಕೊಂಡಿದ್ರು, ಎದುರು ಸಿಕ್ಕಿದಾಗೆಲ್ಲ ಕೈ ಎತ್ತೋರು. ಆರನೇ ವಾರಕ್ಕೆ ಒಂದೇ ಸಲಕ್ಕೆ ಅರ್ಧ ಗಂಟೆ ನಡೆದೆ. ಎರಡು ವರ್ಷದಲ್ಲಿ ಮೊದಲ್ನೇ ಸಲ ಅಕ್ಕ, ತಳ್ಳೋ ಗಾಡಿ ಇಲ್ದೆ.

ಈಗ ಒಂದು ವಿಷಯ, ಇದನ್ನ ಅವ್ವಂಗೆ ಓದ್ಬೇಕಾ ಬೇಡ್ವಾ ನೀನೇ ನೋಡು, ನಾನು ಇದುವರೆಗೂ ನಿಮಗ್ಯಾರಿಗೂ ಹೇಳಿಲ್ಲ. ಕ್ರಿಸ್‌ಮಸ್ ಮುಂಚೆ ಆರು ವಾರದ ಎಕ್ಸ್‌ರೇ ತೆಗೆದ್ರು, ಎಲ್ಲಾ ಇದ್ದ ಜಾಗದಲ್ಲೇ ಇದೆ ಚೆನ್ನಾಗಿದೆ ಅಂದ್ರು. ಚೆನ್ನಾಗಿದೆ ಅನ್ನೋ ಒಂದು ಮಾತು ಕೇಳಿ ನಂಗೆ ಧೈರ್ಯ ಜಾಸ್ತಿ ಆಯ್ತು. ಅದಾಗಿ ಒಂದು ವಾರಕ್ಕೆ ಇವ್ರು ಮನೇಲಿಲ್ಲ, ಬಟ್ಟೆ ಒಗೆಯೋ ಮೆಷಿನ್ ನಿಂತಿತ್ತು, ಒದ್ದೆ ಬಟ್ಟೆ ಹಂಗೇ ಬಿಟ್ರೆ ವಾಸ್ನೆ ಬರತ್ತೆ ಅಂತ ಬಗ್ಗಿ ಎಲ್ಲಾ ಬುಟ್ಟಿಗೆ ತುಂಬಿ ಬುಟ್ಟಿ ಎತ್ತಿ ಪಕ್ಕಕ್ಕೆ ತಿರುಗ್ದೆ. ಬೇಡ ಅಂದ ಮೂರೂ ಒಂದೇ ಸಲಕ್ಕೆ ಮಾಡ್ಬಿಟ್ಟೆ. ಅಲ್ಲೇ ಹಿಡ್ಕೊಂಡ್ತು, ಬೆನ್ನು ಕಲ್ಲಾಯ್ತು, ಉಸಿರು ಎಳೆಯೋಕಾಗ್ಲಿಲ್ಲ. ನೆಲದ ಮೇಲೆ ಮೊಣಕಾಲೂರಿ ಮೆಷಿನ್ ಹಿಡ್ಕೊಂಡು ಇಪ್ಪತ್ತು ನಿಮಿಷ ಇದ್ದೆ ಇವ್ರು ಬರೋ ತನಕ. ಸ್ಕ್ರೂ ಕಿತ್ಕೊಂಡು ಬಂತು, ಮತ್ತೆ ಕುಯ್ಬೇಕು, ಅಷ್ಟು ದುಡ್ಡು ಅಷ್ಟು ನೋವು ಎಲ್ಲಾ ಒಂದು ಬುಟ್ಟಿ ಬಟ್ಟೆಗೆ ಕಳ್ಕೊಂಡೆ ಅಂತ ಒಂದೇ ಸಮ ಅದೇ ಯೋಚ್ನೆ. ಮಾರನೇ ದಿನ ಮತ್ತೆ ಎಕ್ಸ್‌ರೇ ತೆಗೆದ್ರು, ದೇವ್ರು ದೊಡ್ಡವನು, ಏನೂ ಅಲುಗಿರ್ಲಿಲ್ಲ, ಸ್ನಾಯು ಹಿಡ್ಕೊಂಡಿದ್ದು ಅಷ್ಟೇ. ನಾಲ್ಕು ದಿನಕ್ಕೆ ಸಡಿಲ ಆಯ್ತು. ಆ ನಾಲ್ಕು ದಿನ ನಿಂಗೆ ಫೋನ್ ಮಾಡಿದಾಗ ನೆಗಡಿ, ಗಂಟ್ಲು ಸರಿ ಇಲ್ಲ ಅಂದಿದ್ದೆ, ಸುಳ್ಳು ಹೇಳಿದ್ದೆ, ಕ್ಷಮಿಸು.

ನಂಗೆ ಆಗ ತಿಳಿದಿದ್ದು, ನೋವು ಕಮ್ಮಿ ಆಯ್ತು ಅಂದ್ರೆ ಮೂಳೆ ಕೂಡ್ತು ಅಂತ ಅರ್ಥ ಅಲ್ಲ. ನೋವು ಆರು ವಾರಕ್ಕೆ ಹೋಗತ್ತೆ, ಮೂಳೆ ಅದರ ಪಾಡಿಗೆ ಅದು ನಿಧಾನಕ್ಕೆ ಬೆಳೀತಿರತ್ತೆ, ಆ ಮಧ್ಯದ ತಿಂಗಳುಗಳೇ ಹುಷಾರಾಗಿರ್ಬೇಕಾದ್ದು, ಯಾಕಂದ್ರೆ ಆಗ ನಮ್ಮನ್ನ ತಡೆಯೋಕೆ ನೋವೂ ಇರಲ್ಲ. ಅವ್ವ ಮೊದಲ ವಾರದಲ್ಲಿ ಮನೀಕೋ ಅಂದಿದ್ದು ನನ್ನ ಪ್ರಕಾರ ತಪ್ಪು, ಆದ್ರೆ ಏಳನೇ ವಾರದಲ್ಲಿ ಅವಳು ಇಲ್ಲಿದ್ದು ಬುಟ್ಟಿ ಕಿತ್ಕೊಂಡಿದ್ರೆ ಎಷ್ಟು ಚೆನ್ನಾಗಿತ್ತು ಅನ್ಸತ್ತೆ.

ರಾತ್ರಿ ಹೊತ್ತು ಬೇಜಾರು ಆಗ್ತಿತ್ತು, ಅದನ್ನೂ ಹೇಳ್ಬಿಡ್ತೀನಿ. ನಾಲ್ಕನೇ ಐದನೇ ವಾರದಲ್ಲಿ ಜಾಸ್ತಿ. ಇವ್ರು ನಿದ್ದೆ ಮಾಡ್ತಿರ್ತಾರೆ, ಹೊರಗೆ ಹಿಮ, ಮಗ್ಗುಲು ಬದಲಾಯಿಸೋಕೆ ಐದು ನಿಮಿಷ, ಮಂಡಿ ಮಧ್ಯ ದಿಂಬು ಸರಿ ಮಾಡ್ಕೊಳ್ಳೋಕೆ ಇನ್ನೈದು ನಿಮಿಷ. ಡಾಕ್ಟ್ರ ಹತ್ರ ಹೇಳ್ದೆ, ತುಂಬಾ ಜನಕ್ಕೆ ಆಗತ್ತೆ, ಹೇಳಿದ್ದು ಒಳ್ಳೇದಾಯ್ತು ಅಂದ್ರು. ಹಗಲಲ್ಲಿ ಬಿಸಿಲಿಗೆ ಕಿಟಕಿ ಹತ್ರ ಕೂರೋಕೆ ಶುರು ಮಾಡಿದ್ಮೇಲೆ, ನಡಿಗೆ ಜಾಸ್ತಿ ಆದ್ಮೇಲೆ ತಾನಾಗೇ ಕಮ್ಮಿ ಆಯ್ತು.

ಕಾರು ಎಂಟನೇ ವಾರಕ್ಕೆ ಶುರು ಮಾಡ್ದೆ, ಡಾಕ್ಟ್ರು ಸರಿ ಅಂದ್ಮೇಲೆ, ಜೋರಿನ ಮಾತ್ರೆ ಬಿಟ್ಟು ತಿಂಗಳಾದ್ಮೇಲೆ. ಕೂರುವಾಗ ಮೊದ್ಲು ಸೀಟ್ ಮೇಲೆ ಕೂತು ಆಮೇಲೆ ಎರಡೂ ಕಾಲು ಜೋಡಿಸಿ ಒಳಗೆ ತಗೋಬೇಕು. ಮೊದಲ ಸಲ ಹೋಗಿದ್ದು ಓಕ್ ಟ್ರೀ ರೋಡಿಗೆ, ಸಂಕ್ರಾಂತಿಗೆ ಎಳ್ಳು ಕೊಬ್ಬರಿ ತರೋಕೆ, ಐದು ನಿಮಿಷದ ದಾರಿ, ಆದ್ರೂ ಊರಿಂದ ಮೈಸೂರಿಗೆ ಹೋಗಿ ಬಂದಷ್ಟು ಸಂತೋಷ ಆಯ್ತು. ನೀವು ಅವತ್ತು ದನಗಳಿಗೆ ಕಿಚ್ಚು ಹಾಯ್ಸೋ ವಿಡಿಯೋ ಕಳಿಸಿದ್ರಲ್ಲ, ಅದನ್ನ ಅಂಗಡಿ ಮುಂದೆ ಕಾರಲ್ಲೇ ಕೂತು ನೋಡ್ದೆ. ಆಫೀಸಿಗೆ ಹತ್ತನೇ ವಾರದಿಂದ ಅರ್ಧ ದಿನ, ಮನೆಯಿಂದ್ಲೇ, ಇಪ್ಪತ್ತು ನಿಮಿಷ ಕೂತ್ರೆ ಹತ್ತು ನಿಮಿಷ ನಿಂತು. ಕೆಲ್ಸ ಹೋಗತ್ತೆ ಅಂತ ಅಪ್ಪಾಜಿ ಹೆದರಿಕೊಂಡಿದ್ರಲ್ಲ, ಇಲ್ಲಿ 1993ರಲ್ಲಿ ಬಂದಿರೋ ಒಂದು ಕಾನೂನಿದೆ, ಹಿಂಗೆ ಕಾಯಿಲೆ ಬಿದ್ರೆ 12 ವಾರ ರಜ ಹಾಕ್ಬೋದು, ಕೆಲ್ಸದಿಂದ ತೆಗೆಯೋ ಹಾಗಿಲ್ಲ, ಸಂಬಳ ಮಾತ್ರ ಕೊಡಲೇಬೇಕು ಅಂತಿಲ್ಲ. ನಮ್ಮ ರಾಜ್ಯದಲ್ಲಿ ಸಂಬಳದ ಒಂದು ಭಾಗ ವಿಮೆಯಿಂದ ಬರತ್ತೆ, ಅದರಲ್ಲಿ ನಡೀತು.

ಅಡುಗೆಮನೇಲಿ ಇವ್ರು ಕೆಳಗಿನ ಗೂಡಲ್ಲಿ ಇದ್ದಿದ್ದೆಲ್ಲ ತೆಗೆದು ಸೊಂಟದ ಎತ್ತರಕ್ಕೆ ಇಟ್ಟವ್ರೆ, ದೇವ್ರ ಮಂಟಪಾನೂ ಮೇಜಿನ ಮೇಲಕ್ಕೆ ಬಂತು, ನಿಂತ್ಕೊಂಡೇ ಪೂಜೆ. ಪಾತ್ರೆ ತೊಳೆಯುವಾಗ ಒಂದು ಕಾಲು ಕೆಳಗಿನ ಪುಟ್ಟ ಸ್ಟೂಲ್ ಮೇಲಿಟ್ಕೊಂಡ್ರೆ ಸೊಂಟಕ್ಕೆ ಎಳೆತ ಇರಲ್ಲ, ಇದನ್ನ ನೀನೂ ಮಾಡಿ ನೋಡು, ನಿಂಗೂ ಆರಾಮ ಸಿಗತ್ತೆ. ಕಸ ಗುಡಿಸೋದು, ನೆಲ ಒರೆಸೋದು ಇನ್ನೂ ನಾನು ಮುಟ್ಟಿಲ್ಲ, ರಂಗೋಲಿಯಂತೂ ಈ ಯುಗಾದಿಗೆ ಮಗಳದೇ.

ಇನ್ನು ಹಿಟ್ಟಿನ ವಿಷಯ, ಅದೇ ನಮ್ಮ ರಾಗಿ ಮುದ್ದೆ. ಫಿಸಿಯೋಥೆರಪಿ ಸೆಂಟರಿಗೆ ವಾರಕ್ಕೆ ಎರಡು ಸಲ ಹೋಗ್ತಿದ್ದೀನಿ, ಮೂರು ತಿಂಗಳ ಎಕ್ಸ್‌ರೇ ಆದ್ಮೇಲೆ ಸ್ವಲ್ಪ ಭಾರದ ಎಕ್ಸರ್ಸೈಜು ಶುರು ಮಾಡಿದ್ರು. ಅವತ್ತು ಆಯಮ್ಮ ಕೇಳಿದ್ಲು, ನಿಮಗೆ ಮತ್ತೆ ಯಾವ ಕೆಲ್ಸ ಮಾಡೋ ಹಾಗಾಗ್ಬೇಕು ಅಂತ. ಬೇರೆಯವ್ರು ಗಾಲ್ಫು, ತೋಟ, ಮೊಮ್ಮಕ್ಕಳನ್ನ ಎತ್ಕೊಳ್ಳೋದು ಅಂತಾರಂತೆ. ನಾನು ಯೋಚ್ನೆನೇ ಮಾಡ್ದೆ ಹಿಟ್ಟು ತೊಳ್ಸಬೇಕು ಅಂದೆ. ಅವಳಿಗೆ ಏನು ಗೊತ್ತಾಗ್ಬೇಕು. ಆಮೇಲೆ ಹೋದ ವರ್ಷ ಪಾಪು ತೆಗೆದಿದ್ದ ವಿಡಿಯೋ ತೋರಿಸ್ದೆ, ಅವ್ವ ಮಂದಲಿಗೆ ಮೇಲೆ ಕೂತು, ತಪ್ಪಲೆಯನ್ನ ಕವೆಗೋಲಲ್ಲಿ ಅಮುಕಿ ಎರಡೂ ಪಾದದಲ್ಲಿ ಒತ್ತಿ ಹಿಡಿದು, ಕೋಲನ್ನ ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಗ್ಗಿ ಬಲಕ್ಕೆ ಎಡಕ್ಕೆ ತಿರುವೋದು. ಅವಳು ಮೂರು ಸಲ ನೋಡಿದ್ಲು. ಈ ವಯಸ್ಸಲ್ಲಿ ನಿಮ್ಮಮ್ಮ ಇದನ್ನ ದಿನಾ ಮಾಡ್ತಾರಾ ಅಂದ್ಲು, ದಿನಾ ಎರಡು ಸಲ, ಎಂಟು ಜನಕ್ಕೆ ಅಂದೆ. ಸುಮ್ಮನೆ ನನ್ನ ಮುಖ ನೋಡಿದ್ಲು. ನಂಗೆ ಅವ್ವನ ಬಗ್ಗೆ ಎಷ್ಟು ಹೆಮ್ಮೆ ಆಯ್ತು ಅಂದ್ರೆ ಹೇಳೋಕಾಗಲ್ಲ.

ಅವಳು ಇದು ಆಗಲ್ಲ ಅನ್ಲಿಲ್ಲ, ಕೂತ್ಕೊಂಡು ಬೇಡ ನಿಂತ್ಕೊಂಡು ಮಾಡೋದನ್ನ ಕಲಿಯೋಣ ಅಂದ್ಲು. ಒಂದು ಬಕೆಟ್ ತುಂಬ ಅಕ್ಕಿ ಇಟ್ಟಿರ್ತಾರೆ ಅಲ್ಲಿ, ಕೈಗೆ ಪೆಟ್ಟಾದೋರು ಬೆರಳು ಆಡಿಸೋಕೆ, ಅದರೊಳಗೆ ಮರದ ಕೋಲು ಚುಚ್ಚಿ ನನ್ನ ಕೈಯಲ್ಲಿ ತಿರುಗಿಸಿ ತಿರುಗಿಸಿ ಅಭ್ಯಾಸ ಮಾಡ್ಸಿದ್ಲು. ಒಂದು ಕಾಲು ಮುಂದೆ ಒಂದು ಕಾಲು ಹಿಂದೆ, ಮಂಡಿ ಸ್ವಲ್ಪ ಸಡಿಲ, ಹೊಟ್ಟೆ ಬಿಗಿ ಹಿಡಿದು, ಎದೆ ಸೊಂಟ ಎರಡೂ ಒಂದೇ ತುಂಡು ಅನ್ನೋ ಥರ ಇರ್ಬೇಕು, ಬಲ ಬರೋದೆಲ್ಲ ಕಾಲಿಂದ, ತಿರುಗೋದಿದ್ರೆ ಪಾದ ಎತ್ತಿಟ್ಟು ತಿರುಗ್ಬೇಕು. ಮೂರು ವಾರ ಹಂಗೆ ಮಾಡಿದ್ವಿ. ಹೋದ ಶನಿವಾರ ಮನೇಲಿ ಮಾಡೇ ಬಿಟ್ಟೆ ಅಕ್ಕ. ಚಿಕ್ಕ ಪಾತ್ರೆ, ಒಂದು ಲೋಟ ಹಿಟ್ಟು ಅಷ್ಟೇ. ಬೆಂದ ಪಾತ್ರೇನ ಇವ್ರು ಇಳಿಸಿ ಕೌಂಟರ್ ಮೇಲೆ ಒದ್ದೆ ಬಟ್ಟೆ ಹಾಸಿ ಇಟ್ಟು ಅಲುಗದಂಗೆ ಇಕ್ಕಳದಲ್ಲಿ ಹಿಡ್ಕೊಂಡ್ರು, ನಾನು ತೊಳಸ್ದೆ. ಎರಡು ಕಡೆ ಗಂಟು ಉಳೀತು, ಅವ್ವ ನೋಡಿದ್ರೆ ಬೈಯ್ಯೋಳು. ಎರಡು ಮುದ್ದೆ ಆಯ್ತು, ಉಪ್ಸಾರು ಖಾರ ಮಾಡಿದ್ದೆ, ತುಪ್ಪ ಹಾಕ್ಕೊಂಡು ನಿಂತ್ಕೊಂಡೇ ಉಂಡ್ವಿ. ರಾತ್ರಿ ಬೆನ್ನು ಸ್ವಲ್ಪ ಜೋಮು ಹಿಡಿದಂಗೆ ಇತ್ತು, ಬೆಳಿಗ್ಗೆ ಎದ್ದಾಗ ಏನೂ ಇರ್ಲಿಲ್ಲ. ಇಷ್ಟು ದಿನ ಇವ್ರು ಮಿಕ್ಸ್ ಮಾಡಿ ಕೊಡ್ತಿದ್ದ ಓಟ್ಸ್ ಗಂಜಿ ಕುಡ್ದು ಕುಡ್ದು ನಾಲಿಗೆ ಸತ್ತೋಗಿತ್ತು.

ರಾಗಿ ಒಳ್ಳೇದು ಅಂತ ಇಲ್ಲಿಯ ಡಯಟ್ ನೋಡೋರೂ ಹೇಳಿದ್ರು, 100 ಗ್ರಾಂಗೆ 300 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ ಅಂತ ನಾನು ತೋರಿಸಿದಾಗ ಖುಷಿಪಟ್ರು. ಅವ್ವ ಹೇಳಿದ ಕಾಲು ಸೂಪೂ ವಾರಕ್ಕೊಂದು ಸಲ ಮಾಡ್ತಿದ್ದೀವಿ, ಬನ್ನೂರು ಕುರಿ ರುಚಿ ಇಲ್ಲಿ ಎಲ್ಲಿ ಬರ್ಬೇಕು, ಆದ್ರೂ ಮೆಣಸು ಜಾಸ್ತಿ ಹಾಕಿದ್ರೆ ಪರ್ವಾಗಿಲ್ಲ. ಅಪ್ಪಾಜಿ ಮಂಡಿ ನೋವಿಗೆ ಮೆಡಿಕಲ್ ಸ್ಟೋರಿಂದ ತಂದು ನುಂಗ್ತಾರಲ್ಲ ಡೈಕ್ಲೋಫಿನಾಕು, ಆ ಥರದ ಮಾತ್ರೆ ನಂಗೆ ಮೂರು ತಿಂಗ್ಳು ಮುಟ್ಟಲೇಬೇಡಿ ಅಂದಿದ್ರು, ಮೂಳೆ ಕೂಡೋದು ತಡ ಆಗ್ಬೋದಂತೆ. ಅಪ್ಪಾಜಿಗೆ ಮೂಳೆ ಕೂಡೋ ಮಾತಿಲ್ಲ ಸರಿ, ಆದ್ರೆ ಅದನ್ನ ದಿನಾ ತಗೊಂಡ್ರೆ ಕಿಡ್ನಿಗೂ ಹೊಟ್ಟೆಗೂ ಏಟು, ಬಿಪಿ ಬೇರೆ ಇದೆ ಅವ್ರಿಗೆ, ದಯವಿಟ್ಟು ಒಂದು ಸಲ ಡಾಕ್ಟ್ರಿಗೆ ತೋರಿಸಿ ಕೇಳಿ. ಇದೊಂದು ನನ್ನ ಮಾತು ನಡೆಸ್ಕೊಡು.

ಊರಿಗೆ ಯಾವಾಗ ಅಂತ ಎಲ್ರೂ ಕೇಳ್ತಿದ್ದೀರ. ಮೇಲುಕೋಟೆ ವೈರಮುಡಿಗೆ ಬರ್ಬೇಕು ಅಂತ ಆಸೆ ಇತ್ತು, ಈ ವರ್ಷ ಆಗಲ್ಲ. ಮೇ ತಿಂಗಳಲ್ಲಿ ಆರು ತಿಂಗಳ ಎಕ್ಸ್‌ರೇ, ಅದು ಸರಿ ಇದ್ರೆ ಟಿಕೆಟ್ ತಗೊಳ್ತೀವಿ, ಗೌರಿ ಹಬ್ಬಕ್ಕೆ ಅಲ್ಲಿರ್ತೀನಿ ಅಂತ ಅಂದ್ಕೊಂಡಿದ್ದೀನಿ. ವಿಮಾನದಲ್ಲಿ ಗಂಟೆಗೊಂದು ಸಲ ಎದ್ದು ಓಡಾಡ್ಕೊಂಡು ಬರ್ತೀನಿ. ನೀನು ಅಷ್ಟರೊಳಗೆ ಸ್ವಲ್ಪ ಏರ್ಪಾಡು ಮಾಡ್ಬೇಕು: ಊರ ಮನೇಲಿ ಬಚ್ಚಲ ಪಕ್ಕದ ಪಾಯಿಖಾನೆ ಕೂರೋದು ನಂಗಾಗಲ್ಲ, ಮಂಡ್ಯದಲ್ಲಿ ಮೆಡಿಕಲ್ ಅಂಗಡೀಲಿ ಕಮೋಡ್ ಕುರ್ಚಿ ಸಿಗತ್ತೆ, ಒಂದು ತಂದಿಡು, ನಾನು ಹೋದ್ಮೇಲೆ ಅವ್ವಂಗೇ ಆಗತ್ತೆ, ಅವಳೂ ಮಂಡಿ ಹಿಡ್ಕೊಂಡು ಏಳ್ತಾಳೆ ನಾನು ನೋಡಿದ್ದೀನಿ. ನೆಲದ ಮೇಲೆ ಚಾಪೆ ಬೇಡ, ಅಪ್ಪಾಜಿ ಹಳೇ ಮಂಚ ಸಾಕು, ಹಾಸಿಗೆ ಗಟ್ಟಿ ಇದ್ರೆ ಒಳ್ಳೇದು. ಊಟಕ್ಕೆ ಕುರ್ಚಿ. ಬೆಂಗಳೂರಿಂದ ಬರ್ತಾ ಎರಡು ಕಡೆ ನಿಲ್ಸ್ಕೊಂಡು ಬರೋಣ, ಮದ್ದೂರಲ್ಲಿ ವಡೆ ತಿಂದು ಹತ್ತು ನಿಮಿಷ ನಡೆದ್ರೆ ಸರಿಹೋಗತ್ತೆ, ಹೆದ್ದಾರಿ ಇಳಿದ್ಮೇಲೆ ಊರಿನ ರಸ್ತೆ ಗುಂಡಿ ಮಾತ್ರ ನಿಧಾನ. ಸೂಟ್‌ಕೇಸು ನಾನು ಎತ್ತಲ್ಲ, ಭಾವನ್ನ ಕಳ್ಸು. ಬೇರೆಯೆಲ್ಲ ನಾನೇ ಮಾಡ್ಕೊಳ್ತೀನಿ, ಬೆಳಿಗ್ಗೆ ಎದ್ದು ನಾಲೆ ಏರಿ ಮೇಲೆ ನಡ್ಕೊಂಡು ಹೋಗಿ ಬರ್ತೀನಿ, ಅಕ್ಕಪಕ್ಕದೋರು ನೋಡಿ ಏನಾದ್ರೂ ಅಂದ್ರೆ ಅವ್ವ ತಲೆ ಕೆಡಿಸ್ಕೊಳ್ಳೋದು ಬೇಡ. ಬೇಕಾದ್ರೆ ನನ್ನ ಜೊತೆ ಅವಳೂ ಬರ್ಲಿ.

ಎಡಗಾಲಿನ ಹೆಬ್ಬೆರಳು ಈಗ ಎತ್ತೋಕೆ ಬರ್ತಿದೆ, ಪಾದದ ಮೇಲ್ಭಾಗ ಇನ್ನೂ ಸ್ವಲ್ಪ ಮರಗಟ್ಟಿದಂಗೆ ಇದೆ, ನರ ಸರಿಹೋಗೋಕೆ ವರ್ಷ ಹಿಡಿಯತ್ತಂತೆ, ಪೂರ್ತಿ ಬರ್ದೇನೂ ಇರ್ಬೋದು ಅಂತ ಮೊದ್ಲೇ ಹೇಳವ್ರೆ. ಅವ್ವ ಕೇಳಿದ್ರೆ ಇದನ್ನೂ ಮುಚ್ಚಿಡ್ಬೇಡ.

ಕೊನೇಗೆ ಅಪ್ಪಾಜಿಗೆ ಒಂದು ಕೆಲ್ಸ. ನನ್ನ ಹತ್ರ ಇರೋ ಹಿಟ್ಟಿನ ಕೋಲು ಗಿಡ್ಡ, ಅವ್ವ ಕೂತ್ಕೊಂಡು ಮಾಡೋ ಅಳತೇದು, ನಿಂತು ಮಾಡಿದ್ರೆ ನಾನು ಬಗ್ಗಬೇಕಾಗತ್ತೆ. ಇಲ್ಲಿ ಒಲೆ ಕಟ್ಟೆ ನೆಲದಿಂದ ಮೂರು ಅಡಿ, ಅದರ ಮೇಲೆ ಪಾತ್ರೆ, ಫಿಸಿಯೋದವಳು ಟೇಪ್ ಹಿಡಿದು ಅಳೆದು ಎರಡೂವರೆ ಅಡಿ ಅಂತ ಬರ್ಕೊಟ್ಟವ್ಳೆ. ಅಪ್ಪಾಜಿ ಯಾವ ಮರ ಒಳ್ಳೇದು ಅಂತ ಅವ್ರೇ ನೋಡ್ಲಿ, ತುದಿ ಚಪ್ಪಟೆ ಇರ್ಲಿ, ಹಿಡಿಯೋ ಕಡೆ ನುಣ್ಣಗೆ ಉಜ್ಜಿ ಕೊಬ್ಬರಿ ಎಣ್ಣೆ ಹಚ್ಚಿ ಇಟ್ಟಿರ್ಲಿ, ಬಂದಾಗ ತಗೊಂಡು ಹೋಗ್ತೀನಿ. ಎರಡು ಮಾಡಿದ್ರೆ ಇನ್ನೂ ಒಳ್ಳೇದು, ಒಂದು ಅವ್ವಂಗೆ, ಅವಳೂ ಒಲೆ ಕಟ್ಟೆ ಹತ್ರ ನಿಂತು ತೊಳಸೋದು ನಾನೇ ಹೇಳ್ಕೊಡ್ತೀನಿ.

ನಿನ್ನ ತಂಗಿ